ಹನುಮಂತ್ರಾಯ ಕಟ್ಟಿದ ಜಾಲಿ ತುಂಡು

ಪೋತ್ನಾಳದ ಸುತ್ತಮುತ್ತ ಎಲ್ಲಿಯಾದರೂ ಟ್ರ್ಯಾಕ್ಟರ್ ಕೆಸರಲ್ಲಿ ಹೂತಿತೆಂದರೆ ಜನ ಕರೆಯುತ್ತಿದ್ದದ್ದು ಹನುಮಂತ್ರಾಯನನ್ನು. ಅವನು ಬಂದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಬೀಡಿ ಮುಗಿಯುವತನಕ ಗಾಲಿಗಳನ್ನೇ ನೋಡುತ್ತಿದ್ದ. ಗಾಡಿಯ ಒಡೆಯ ಅತ್ತ ಕುದಿಯುತ್ತಿದ್ದರೂ ಇವನಿಗೆ ಯಾವ ಅವಸರವೂ ಇಲ್ಲ. ಬೀಡಿ ಮುಗಿದ ಮೇಲೆ ಸೀಟಿಗೆ ಹತ್ತಿ, ಎರಡು ಸಲ ಹಿಂದೆ, ಒಂದು ಸಲ ಮುಂದೆ, ಗಾಡಿ ಹೊರಗೆ. ಹೊಗಳಿದರೆ "ನಂದೇನದರಿ, ಎಲ್ಲಾ ಗಾಡೀದು" ಎನ್ನುತ್ತಿದ್ದ. ಹೊಗಳುವುದನ್ನು ಯಾರಾದರೂ ಮರೆತರೆ ಮುಂದಿನ ಸಲ ಕರೆದಾಗ ಸೊಂಟ ನೋವು ಎಂದು ಮಲಗುತ್ತಿದ್ದ. ಇಷ್ಟು ಮಾತ್ರದ ಅಹಂಕಾರ ಯಾರಿಗಿಲ್ಲ ಹೇಳಿ? ಆದರೆ ಅವನ ಅಹಂಕಾರ ಒಂದು ಜೀವ ತಿಂದಿತು. ಅದು ಊರಿಗೆ ಗೊತ್ತಿರಲಿಲ್ಲ, ಅವನಿಗೊಬ್ಬನಿಗೇ ಗೊತ್ತಿತ್ತು.

ಹುಟ್ಟಿದ್ದು ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ, ಕುರಿ ಕಾಯುವ ಮನೆಯಲ್ಲಿ. ಇಪ್ಪತ್ತರ ಹೊತ್ತಿಗೆ ಕುರಿಯ ಹಿಂದೆ ನಡೆದು ಸಾಕಾಗಿ ರಾಯಚೂರಿನ ಬಸ್ಸು ಹತ್ತಿದ. ಅಲ್ಲಿ ಇಮಾಮಹುಸೇನ ಮೇಸ್ತ್ರಿಯ ಗ್ಯಾರೇಜಿನಲ್ಲಿ ಐದು ವರ್ಷ ಎಣ್ಣೆಯಲ್ಲಿ ಮುಳುಗಿ ಎದ್ದ. ಟ್ರ್ಯಾಕ್ಟರಿನ ಹಿಂದಿನ ಭಾಗ ಬಿಚ್ಚಿ, ಗೋಣಿಚೀಲದ ಮೇಲೆ ಹಲ್ಲಿನ ಚಕ್ರಗಳನ್ನು ಹರಡಿ ಮೇಸ್ತ್ರಿ ಒಂದು ದಿನ ಹೇಳಿದ್ದು ಅವನಿಗೆ ಇವತ್ತಿಗೂ ಬಾಯಿಪಾಠ.

"ಇದಕ್ಕ ಡಿಫ್ರೆನ್ಸಿಯಲ್ ಅಂತಾರ. ತಿರುವಿನ್ಯಾಗ ಹೊರಗಿನ ಗಾಲಿ ಹೆಚ್ಚು ದಾರಿ ನಡೀಬೇಕು, ಒಳಗಿನದು ಕಡಿಮಿ. ಅದಕ್ಕ ಎರಡನ್ನೂ ಬ್ಯಾರೆ ಬ್ಯಾರೆ ತಿರುಗಾಕ ಬಿಡತದ. ಖರೇ, ಕೆಸರಿನ್ಯಾಗ ಇದೇ ಕೈ ಕೊಡತದ. ಜಾರೋ ಗಾಲಿ ಗಿರಗಿರ ತಿರುಗತದ, ಗಟ್ಟಿ ನೆಲದ ಮ್ಯಾಲಿಂದು ಸುಮ್ನ ನಿಂತಿರತದ. ಕೆಲಸ ಮಾಡದೋನಿಗೇ ಎಲ್ಲಾ ಬಲ! ಅವಾಗ ಬಲಗಾಲಿನ ಹಿಮ್ಮಡಿ ಹತ್ರ ಇರೋ ಈ ಪೆಡಲ್ ಒತ್ತು. ಲಾಕ್ ಬೀಳತದ. ಎರಡೂ ಗಾಲಿ ಜೋಡೆತ್ತಿನಂಗ ಒಂದಾಗಿ ತಿರುಗತಾವ. ನೆಟ್ಟಗ ಹೋಗೋಮಟ ಒತ್ತು, ತಿರುವು ಬರೋಕ ಮೊದಲ ಬಿಡು. ಬಿಡದಿದ್ರ ಗಾಡಿ ನಿನ್ನ ಮಾತು ಕೇಳೂದಿಲ್ಲ."

ಆಮೇಲೆ ಮೇಸ್ತ್ರಿ ಕಣ್ಣು ಕಿರಿದು ಮಾಡಿ ಇನ್ನೊಂದು ಮಾತು ಸೇರಿಸಿದ್ದರು. "ಮಾನ್ವಿ ಕಡೆ ಹೋಗ್ತೀಯಂತ. ಅಲ್ಲಿ ಗದ್ದಿ ಮಂದಿ ಗಾಡಿ ಹೂತರ ಹಿಂದಿನ ಗಾಲಿಗೆ ಅಡ್ಡಡ್ಡ ಮರದ ತುಂಡು ಕಟ್ಟತಾರ. ನೀ ಕಟ್ಟಬ್ಯಾಡ. ತುಂಡು ಸಿಕ್ಕೊಂಡ್ರ ಗಾಲಿ ತಿರುಗೂದಿಲ್ಲ, ಗಾಡಿನೇ ತಿರುಗತದ. ಮುಂದಿನ ಗಾಲಿ ಮ್ಯಾಲೆದ್ದು ಹಿಂದಕ್ಕ ಮಗಚಾಕ ಒಂದು ಉಸಿರು ಸಾಕು."

ಹೇಳುವವರು ಹೇಳಿದರು, ಕೇಳುವವನು ಕೇಳಿದ. ಮಾನ್ವಿ ತಾಲೂಕಿಗೆ ಬಂದು ನೋಡಿದರೆ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಎಲ್ಲರೂ ತುಂಡು ಕಟ್ಟುತ್ತಿದ್ದರು. ಹಳೆಯ ಗಾಡಿಗಳು, ಲಾಕ್ ಸವೆದು ಎಷ್ಟೋ ವರ್ಷ. ಜಾಲಿಯ ಗಟ್ಟಿ ತುಂಡೊಂದನ್ನು ಎರಡೂ ಗಾಲಿಗೆ ಅಡ್ಡ ಇಟ್ಟು ಸರಪಳಿ ಬಿಗಿದರೆ, ಗಾಲಿ ಅದನ್ನು ತನ್ನಡಿಗೆ ಎಳೆದುಕೊಂಡು ಅದರ ಮೇಲೆ ಹತ್ತಿ ಹೊರಗೆ ಬರುತ್ತಿತ್ತು. ಹನುಮಂತ್ರಾಯ ಮೊದಲ ವರ್ಷ ಹೆದರಿದ, ಎರಡನೆಯ ವರ್ಷ ಕಟ್ಟಿದ, ಹತ್ತನೆಯ ವರ್ಷಕ್ಕೆ ಅದರಲ್ಲಿ ಅವನೇ ಗುರು. ಇನ್ನೂರು ಸಲ ಏನೂ ಆಗದ ಕೆಲಸಕ್ಕೆ ಹೆದರುವವರು ಯಾರು?

ಮಾರೆಮ್ಮ ಅವನ ದೂರದ ಸಂಬಂಧಿ, ವರಸೆಯಲ್ಲಿ ಅಣ್ಣನ ಹೆಂಡತಿ, ಅವನು ಕರೆಯುತ್ತಿದ್ದದ್ದು ಅಕ್ಕಾ ಎಂದು. ಗಂಡ ತೀರಿದ ಮೇಲೆ ಕುರಿಹಿಂಡು ಮಾರಿ ಮಗ ದುರುಗೇಶನಿಗೆ ಹೊಸ ಟ್ರ್ಯಾಕ್ಟರ್ ಕೊಡಿಸಿದಳು. ರಾಯಚೂರಿನಿಂದ ಅದನ್ನು ಪೋತ್ನಾಳಕ್ಕೆ ಓಡಿಸಿಕೊಂಡು ಬಂದವನೇ ಹನುಮಂತ್ರಾಯ. ದುರುಗೇಶ ಅವನನ್ನು ಕಾಕಾ ಎನ್ನುತ್ತಿದ್ದ. ಮೆದು ಮಾತಿನವನು, ನಿಧಾನಿ. ಎರಡು ಹಂಗಾಮಿನಲ್ಲಿ ಅವನಿಗೆ ಹೊಲದ ದಾರಿ, ಹಳ್ಳ, ಎರೆ ಮಣ್ಣಿನ ಜಾರು ಎಲ್ಲವನ್ನೂ ಹನುಮಂತ್ರಾಯ ಕಲಿಸಿದ. ಲಾಕ್ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು, ಎಲ್ಲ. ಮಕ್ಕಳಿಲ್ಲದ, ಹೆಂಡತಿಯೂ ಇಲ್ಲದ ಅವನಿಗೆ ಆ ಹುಡುಗನ ಮೇಲೆ ಜೀವ. ಇದನ್ನು ಹೇಳದಿದ್ದರೆ ಮುಂದಿನದು ಬರೀ ಪಾಪದ ಕತೆಯಾಗುತ್ತದೆ. ಅದು ಅಷ್ಟೇ ಅಲ್ಲ.

ಹೋದ ವರ್ಷ ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿಗೆ ಮುಂಚೆ ಗದ್ದೆ ಕೆಸರು ಮಾಡುವ ದಿನಗಳು. ಹಿಂದಿನ ಗಾಲಿಗಳ ಪಕ್ಕ ಕಬ್ಬಿಣದ ಪಂಜರದ ಗಾಲಿ ಹಾಕಿಕೊಂಡು ದುರುಗೇಶ ಗದ್ದೆಗಿಳಿದಿದ್ದ, ಹನುಮಂತ್ರಾಯ ಮಡಗಾರ್ಡಿನ ಮೇಲೆ ಕೂತಿದ್ದ. ಹನ್ನೊಂದು ಗಂಟೆ ಸುಮಾರಿಗೆ ಅವನ ಹೆಂಡತಿ ಚಂದ್ರಕಲಾಳ ಫೋನು ಬಂತು. ಅತ್ತೆಗೆ ಕಣ್ಣು ಮಂಜಾಗುತ್ತಿದೆ, ಮಾನ್ವಿಯಲ್ಲಿ ಕಣ್ಣಿನ ಡಾಕ್ಟರು ಮಧ್ಯಾಹ್ನ ಒಂದರತನಕ ಇರುತ್ತಾರೆ, ಬೇಗ ಬಾ ಎಂದು. "ಬರ್ತೀನಿ" ಎಂದ ದುರುಗೇಶ. ಒಂದು ಸುತ್ತು ಹೊಡೆಯುವಷ್ಟರಲ್ಲಿ ಗಾಡಿ ಅಚ್ಚಿನವರೆಗೆ ಹೂತಿತು.

ಲಾಕ್ ಒತ್ತಿ ನೋಡಿದರು, ಬರಲಿಲ್ಲ. ದುರುಗೇಶ ಕೆಳಗಿಳಿದು ನೋಡಿ ಹೇಳಿದ, "ಕಾಕಾ, ಸಲಿಕಿ ತರ್ತೀನಿ. ಗಾಲಿ ಮುಂದಿನ ಮಣ್ಣು ಅಗದು ತಗಿಯೂನು. ಡಾಕ್ಟರ್ ನಾಳಿ ನೋಡ್ಲಿ."

ಬದುವಿನ ಮೇಲೆ ನಾಲ್ಕು ಜನ ನಾಟಿ ಆಳುಗಳು ನಿಂತು ನೋಡುತ್ತಿದ್ದರು. ಹನುಮಂತ್ರಾಯನ ಶಿಷ್ಯ ಸಲಿಕೆ ಹಿಡಿಯುವುದೆಂದರೇನು!

"ಸಲಿಕಿ ಹಿಡಿಯೂದು ಹೆಂಗಸರ ಕೆಲಸಲೇ. ನೀ ಮ್ಯಾಲ ಕುಂದ್ರು" ಎಂದ. ಎಂಜಿನ್ ಸದ್ದಿಗೆ ಆ ಮಾತು ಬದುವಿಗೆ ಕೇಳಲಿಲ್ಲ, ಆಳುಗಳು ಹೂತ ಗಾಡಿ ನೋಡಿ ನಕ್ಕು ತಮ್ಮ ಗದ್ದೆಯ ಕಡೆ ಹೋದರು. ಹನುಮಂತ್ರಾಯ ತಾನೇ ಜಾಲಿ ತುಂಡು ತಂದ, ತಾನೇ ಸರಪಳಿ ಬಿಗಿದ, ತಾನೇ ಕೂಗಿದ, "ಒತ್ತಲೇ ಲಾಕ್! ಬಿಡು ಕ್ಲಚ್!"

ಹಳೆಯ ಗಾಡಿಗಳಿಗೆ ಅಷ್ಟು ಬಲವಿರಲಿಲ್ಲ. ತುಂಡು ಸಿಕ್ಕಿಕೊಂಡರೆ ಎಂಜಿನ್ನೇ ಬಂದ್ ಬೀಳುತ್ತಿತ್ತು. ಇದು ಹೊಸದು, ಬಂದ್ ಬೀಳಲಿಲ್ಲ. ತುಂಡು ಗಟ್ಟಿ ತಳಕ್ಕೆ ಸಿಕ್ಕಿಕೊಂಡಿತು, ಎರಡೂ ಗಾಲಿ ಒಟ್ಟಿಗೆ ನಿಂತವು. ಮುಂದಿನ ಗಾಲಿಗಳು ನೆಲ ಬಿಟ್ಟಿದ್ದನ್ನು ಹನುಮಂತ್ರಾಯ ನೋಡಿದ. ಕ್ಲಚ್ ಎಂದು ಕೂಗಲು ಬಾಯಿ ತೆರೆದ. ಅವನು ಬಾಯಿ ಮುಚ್ಚುವಷ್ಟರಲ್ಲಿ ಗಾಡಿ ಬೋರಲಾಗಿ ಬಿದ್ದಿತ್ತು, ದುರುಗೇಶ ಸ್ಟೇರಿಂಗಿನ ಕೆಳಗೆ ಕೆಸರಿನೊಳಗಿದ್ದ. ಮೇಸ್ತ್ರಿ ಹೇಳಿದಂತೆ ಒಂದೇ ಉಸಿರು.

ಆಳುಗಳು ಓಡಿ ಬಂದರು, ಇನ್ನೊಂದು ಟ್ರ್ಯಾಕ್ಟರ್ ಬಂತು, ಎಳೆದರು. ಮಾನ್ವಿಯ ದವಾಖಾನೆಗೆ ಒಯ್ದದ್ದು ಸುಮ್ಮನೆ ಒಂದು ಶಾಸ್ತ್ರಕ್ಕೆ. ಗದ್ದೆಯಲ್ಲೇ ಯಾರೋ ಕೇಳಿದರು, "ತುಂಡು ಕಟ್ಟಿದ್ದು ಯಾರು?"

ನಾನು ಎನ್ನಬೇಕೆಂದೇ ಹನುಮಂತ್ರಾಯ ಬಾಯಿ ತೆರೆದ. ದೇವರ ಮೇಲೆ ಆಣೆ ಮಾಡಿ ಅವನು ಆಮೇಲೆ ತನಗೆ ತಾನೇ ಹಾಗೆ ಹೇಳಿಕೊಂಡಿದ್ದಾನೆ. ಆದರೆ ಹೊರಬಂದದ್ದು ಬೇರೆ ಮಾತು. "ಅವನ ಕಟ್ಟಿದ. ನಾ ಬ್ಯಾಡ ಅಂದೆ. ಹೆಂಡ್ತಿ ಫೋನ್ ಬಂದಿತ್ತು, ಮಾನ್ವಿಗೆ ಹೋಗೂದದ ಅಂತ ಅವಸರ ಮಾಡಿದ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಠಾಣೆಯಲ್ಲೂ ಅದನ್ನೇ ಹೇಳಬೇಕಾಯಿತು. ಸಂಜೆಯೊಳಗೆ ಪೋತ್ನಾಳದಲ್ಲಿ ಯಂಕೋಬನ ಚಹಾದ ಅಂಗಡಿಯ ಮುಂದೆ ಎಲ್ಲರ ಬಾಯಲ್ಲೂ ಅದೇ. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದರು ಗಂಡಸರು. "ಗಂಡ ದುಡಿಯೋ ಹೊತ್ತಿನ್ಯಾಗ ಫೋನ್ ಮಾಡಿ ಕೊಂದಳು" ಎಂದರು ಹೆಂಗಸರು. ದುರುಗೇಶ ಹುಟ್ಟಾ ನಿಧಾನಿ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಹನುಮಂತ್ರಾಯನ ಸುಳ್ಳು ಆ ಮನೆಯಲ್ಲಿ ಕೂತುಬಿಟ್ಟಿತು. ಚಂದ್ರಕಲಾ ಅಂದಿನಿಂದ ಫೋನು ಮುಟ್ಟಲಿಲ್ಲ. ಮಾರೆಮ್ಮನದು ಇನ್ನೊಂದು ಹಟ. "ಮಗನ್ನ ತಿಂದ ಕಣ್ಣು ನನಗ ಬ್ಯಾಡ" ಎಂದು ಡಾಕ್ಟರ ಬಳಿ ಹೋಗುವುದನ್ನೇ ಬಿಟ್ಟಳು. ಸೊಸೆ ಕೈ ಹಿಡಿದು ಬೇಡಿದರೂ ಇಲ್ಲ. ಮೊದಲು ಎಡಗಣ್ಣು ಹೋಯಿತು, ಆಮೇಲೆ ಬಲಗಣ್ಣಿನ ಅಂಚು. ಆದರೂ ಒಲೆಯ ಮುಂದೆ ಕೈಯಾಡಿಸಿ ಹುಡುಕಿ ರೊಟ್ಟಿ ಬಡಿಯುತ್ತಿದ್ದಳು, ದಿನಾ ಎರಡು ಹೆಚ್ಚಿಗೆ. ಅವು ಹನುಮಂತ್ರಾಯನಿಗೆ. "ನನ್ನ ಮಗನ ಕಡೀ ಮಾತು ಕೇಳಿದೋನು ಅವನ. ಅವ ಉಪಾಸ ಇರಬಾರ್ದು" ಎನ್ನುತ್ತಿದ್ದಳು.

ಆ ರೊಟ್ಟಿಯನ್ನು ಹನುಮಂತ್ರಾಯ ಒಂದು ವರ್ಷ ತಿಂದ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನಾಚಿಕೆಗೇಡಿ ಎಂದು ನೀವು ಬಯ್ಯಬಹುದು, ಅವನೂ ಹಾಗೇ ಬಯ್ದುಕೊಳ್ಳುತ್ತಿದ್ದ, ಬಯ್ದುಕೊಂಡು ಉಣ್ಣುತ್ತಿದ್ದ.

ಈ ವರ್ಷ ಬೇಸಿಗೆಯಲ್ಲಿ ಚಂದ್ರಕಲಾ ಅವನ ಗುಡಿಸಲಿನ ಮುಂದೆ ಬಂದು ನಿಂತಳು. ಗಾಡಿ ರಿಪೇರಿಯಾಗಿ ಬಂದು ಅವಳ ಮನೆಯ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು.

"ಯಪ್ಪಾ, ನನಗ ಟ್ರ್ಯಾಕ್ಟರ್ ಕಲಸ್ರಿ."

"ನಿನಗ್ಯಾಕವ್ವಾ ಆ ಗಾಡಿ? ಮಾರಿಬಿಡ್ರಿ."

"ಮಾರಿದ್ರ ಅತ್ತಿ ಉಳಿಯೂದಿಲ್ಲ. ಅದರ ಬಾನೆಟ್ ಮುಟ್ಟಿ ಮಾತಾಡತಾಳ. ಬ್ಯಾರೆ ಡ್ರೈವರ್ ಹತ್ತೂದು ನನಗ ಬ್ಯಾಡ. ನಮ್ಮವರಿಗೆ ಕಲಿಸಿದ್ರಿ, ನನಗೂ ಕಲಸ್ರಿ."

ಅವನು ಒಪ್ಪಿದ. ಮರುದಿನದಿಂದ ಪಾಠ ಶುರು. ಅವಳು ಸೀಟಿನಲ್ಲಿ, ಅವನು ಮಡಗಾರ್ಡಿನ ಮೇಲೆ. ಮೊದಲು ಒಣ ಹೊಲ, ಆಮೇಲೆ ಬಂಡಿಗಳು ಕೊರೆದ ಎರೆ ಹೊಲದ ದಾರಿ, ಆಮೇಲೆ ಹಳ್ಳದ ಮರಳು. ಊರು ನಗುವಷ್ಟು ನಕ್ಕು ಸುಮ್ಮನಾಯಿತು. ಸೀರೆ ಗಟ್ಟಿಯಾಗಿ ಕಟ್ಟಿ, ಮೇಲೊಂದು ಗಂಡನ ಅಂಗಿ ತೊಟ್ಟು ಅವಳು ಬೆಳಿಗ್ಗೆ ಏಳಕ್ಕೆ ಹಾಜರು. ಹಳ್ಳದ ಮರಳಿನಲ್ಲಿ ಬಲಗಾಲಿ ಗಿರಗಿರ ತಿರುಗಿದಾಗ ಅವನು ಕೂಗುತ್ತಿದ್ದ, "ನಿಲ್ಲಿಸು! ತಿರುಗೋವಾಗ ಲಾಕ್ ಒತ್ತಬಾರ್ದು, ಹಲ್ಲು ಮುರೀತಾವ. ಕ್ಲಚ್ ತುಳಿ, ಗಾಲಿ ನಿಲ್ಲಲಿ, ಈಗ ಹಿಮ್ಮಡೀಲೆ ಒತ್ತು, ನಿಧಾನಕ ಬಿಡು." ಎರಡೂ ಗಾಲಿ ಒಂದಾಗಿ ಮರಳನ್ನು ಹಿಡಿದು ಗಾಡಿ ದಡ ಹತ್ತಿದರೆ ಅವಳ ಮುಖ ಒಂದು ಗಳಿಗೆ ಬೆಳಗುತ್ತಿತ್ತು, ಮರುಗಳಿಗೆ ಅಪರಾಧ ಮಾಡಿದವಳಂತೆ ಬಾಡುತ್ತಿತ್ತು. ಆ ಬಾಡುವುದನ್ನು ನೋಡಿದಾಗಲೆಲ್ಲ ಹನುಮಂತ್ರಾಯ ಮುಖ ತಿರುಗಿಸುತ್ತಿದ್ದ. ಆ ಅಪರಾಧ ತನ್ನ ಪಾಲಿನದು, ಅವಳು ಹೊತ್ತಿದ್ದಾಳೆ. ಇಳಿಸಿಕೊಳ್ಳಲು ಒಂದು ಮಾತು ಸಾಕು, ಆ ಒಂದು ಮಾತು ಬರುತ್ತಿರಲಿಲ್ಲ.

ಅವಳಿಗೆ ಎಲ್ಲ ಬಂತು, ತಿರುವೊಂದು ಬರಲಿಲ್ಲ. ಲಾಕ್ ಬಿಡುವುದನ್ನು ಮರೆತು ಸ್ಟೇರಿಂಗ್ ತಿರುವುತ್ತಿದ್ದಳು. ಗಾಡಿ ತಿರುಗದೆ ನೆಟ್ಟಗೆ ಬದುವಿಗೆ ಹೋಗುತ್ತಿತ್ತು.

"ಬಿಡಾಕ ಕಾಲು ಬರವಲ್ದು ಯಪ್ಪಾ. ಬಿಟ್ರ ಹೂತು ಹೋಗ್ತೀನಿ ಅನಸ್ತದ."

ಈ ವರ್ಷವೂ ಕಾಲುವೆಗೆ ನೀರು ಬಂತು. ಪಂಜರದ ಗಾಲಿ ಹಾಕಿಕೊಂಡು ಮೊದಲ ಸಲ ಅವಳು ಗದ್ದೆಗಿಳಿದಳು. ಅದೇ ಗದ್ದೆಯಲ್ಲ, ಪಕ್ಕದ್ದು. ಮೂರು ಸುತ್ತು ಚೆನ್ನಾಗಿ ಹೊಡೆದಳು. ನಾಲ್ಕನೆಯ ಸುತ್ತಿನ ತಿರುವಿನಲ್ಲಿ ಹಿಮ್ಮಡಿ ಲಾಕ್ ಮೇಲೆಯೇ ಉಳಿಯಿತು. ಗಾಡಿ ಮೂಲೆಯ ಜವುಗಿಗೆ ನುಗ್ಗಿ ಅಚ್ಚಿನವರೆಗೆ ಹೂತಿತು.

ಅವಳು ಎಂಜಿನ್ ಬಂದ್ ಮಾಡಿದಳು. ಆಮೇಲೆ ಬದುವಿನ ಕಡೆ ನೋಡಿದಳು. ಅಲ್ಲಿ ಯಾರದೋ ಜಾಲಿ ತುಂಡು ಬಿದ್ದಿತ್ತು.

"ತುಂಡು ಕಟ್ರಿ ಯಪ್ಪಾ."

"ಏನಂದಿ?"

"ಎಲ್ಲಾರೂ ಕಟ್ಟತಾರಲ್ಲ. ಕಟ್ರಿ. ಏನಾಗತದ? ಆದ್ರ ಆಗ್ಲಿ. ನಾ ಅವತ್ತು ಫೋನ್ ಮಾಡದಿದ್ರ ಅವರು ಸಲಿಕಿ ಹಿಡದು ಅಗೀತಿದ್ರು. ಅವರು ಅವಸರದ ಮನುಷ್ಯ ಅಲ್ಲ. ನಾ ಮಾಡಿದ್ದು ನಾನ ಉಣ್ಣಬೇಕು."

ಹನುಮಂತ್ರಾಯ ಮಡಗಾರ್ಡಿನಿಂದ ಇಳಿದ. ಮೊಣಕಾಲವರೆಗೆ ಕೆಸರು.

"ಅವ ಸಲಿಕಿ ಕೇಳಿದ್ದ," ಎಂದ.

ಅವಳು ತಿರುಗಿ ನೋಡಿದಳು.

"ಅಗೀತೀನಿ ಕಾಕಾ ಅಂದ. ಡಾಕ್ಟರ್ ನಾಳಿ ನೋಡ್ಲಿ ಅಂದ. ನಾನ ನಕ್ಕೆ. ಹೆಂಗಸರ ಕೆಲಸ ಅಂದೆ. ತುಂಡು ಕಟ್ಟಿದೋನು ನಾನು. ಸರಪಳಿ ಬಿಗದೋನು ನಾನು. ಲಾಕ್ ಒತ್ತು ಅಂತ ಕೂಗಿದೋನು ನಾನು. ನಿನ್ನ ಫೋನಿಗೂ ಅದಕ್ಕೂ ಏನೂ ಸಂಬಂಧಿಲ್ಲವ್ವಾ. ಸುಳ್ಳು ಹೇಳಿದೆ. ಅಂಜಿ ಹೇಳಿದೆ."

ಅವಳು ಅಳಲಿಲ್ಲ, ಕೂಗಲಿಲ್ಲ. ಹಾಗೆ ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸೀಟಿನ ಹಿಂದೆ ಕಟ್ಟಿದ್ದ ಸಲಿಕೆ ಬಿಚ್ಚಿ ಅವನ ಮುಂದೆ ಕೆಸರಿನಲ್ಲಿ ಊರಿದಳು.

"ಅಗೀರಿ."

ಹನುಮಂತ್ರಾಯ ಅಗೆದ. ಹತ್ತು ಗಂಟೆಗೆ ಶುರು ಮಾಡಿದವನು ಎರಡರವರೆಗೆ ಅಗೆದ. ಐವತ್ತಾರು ವರ್ಷದ ಸೊಂಟ, ನಿಜಕ್ಕೂ ನೋಯುವ ಸೊಂಟ. ನಾಟಿ ಆಳುಗಳು ಬದುವಿನ ಮೇಲೆ ನಿಂತು ನೋಡಿದರು. ಒಬ್ಬ ಕೈ ಹಚ್ಚಲು ಬಂದರೆ ಚಂದ್ರಕಲಾ ಬೇಡ ಎಂದು ಕೈ ಮಾಡಿದಳು. ಗಾಲಿಗಳ ಮುಂದಿನ ಮಣ್ಣು ತೆಗೆದು, ಇಳಿಜಾರು ಮಾಡಿ, ಬದುವಿನ ಕಂಟಿಗಿಡ ಕಡಿದು ಹಾಸಿದ ಮೇಲೆ ಅವಳು ಎಂಜಿನ್ ಚಾಲೂ ಮಾಡಿದಳು. ಕ್ಲಚ್ ತುಳಿದು, ಲಾಕ್ ಒತ್ತಿ, ನಿಧಾನಕ್ಕೆ ಬಿಟ್ಟಳು. ಗಾಡಿ ಹೊರಗೆ ಬಂತು. ನಾಲ್ಕೇ ತಾಸಿನ ಕೆಲಸ, ಒಬ್ಬನೇ ಮಾಡಿದರೂ. ದುರುಗೇಶನ ಜೊತೆ ಇಬ್ಬರಾಗಿದ್ದರೆ ಎರಡೇ ತಾಸು ಎಂದು ಹನುಮಂತ್ರಾಯನ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು.

ಅವನು ಮಡಗಾರ್ಡ್ ಹತ್ತಲು ಬಂದ.

"ನಡಕೊಂತ ಬರ್ರಿ. ಅತ್ತಿ ಮುಂದ ಹೇಳ್ರಿ."

ಮಾರೆಮ್ಮ ಹೊರಕಟ್ಟೆಯ ಮೇಲೆ ಕೂತಿದ್ದಳು. ಹನುಮಂತ್ರಾಯ ಅಂಗಳದಲ್ಲಿ ನಿಂತು, ಕೆಸರು ಒಣಗಿದ ಕೈಗಳನ್ನು ಜೋಡಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದ. ಸಲಿಕೆಯ ಮಾತನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಮಾರೆಮ್ಮನ ಕೈ ತಾನಾಗಿ ಮೇಲೆದ್ದು ಕಣ್ಣಿನ ರೆಪ್ಪೆ ಮುಟ್ಟಿತು.

"ಹಂಗಾದ್ರ ನನ್ನ ಕಣ್ಣಲ್ಲ," ಎಂದಳು.

"ಅಲ್ಲಕ್ಕಾ."

"ಇವಳ ಫೋನೂ ಅಲ್ಲ."

"ಅಲ್ಲ."

ಮಾರೆಮ್ಮ ಕೇಳಿದಳು, "ಇವತ್ತಿನ ರೊಟ್ಟಿ ಉಂಡಿಯೇನು?"

"ಇಲ್ಲ."

"ಅಲ್ಲೇ ಇಟ್ಟು ಹೋಗು."

ಬೆಳಿಗ್ಗೆ ಮಾರೆಮ್ಮ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟನ್ನು ಅವನು ಗಾಡಿಯಿಂದ ಬಿಚ್ಚಿ ಹೊಸ್ತಿಲ ಮೇಲಿಟ್ಟು ಹೊರಟ. ಬಾಗಿಲವರೆಗೆ ಬಂದ ಚಂದ್ರಕಲಾ, "ಠಾಣೆಗೆ ಹೋಗ್ರಿ ಅನ್ನೂದಿಲ್ಲ. ಊರಿಗೆ ಹೇಳ್ರಿ" ಎಂದಳು. ಅವನು ನೇರ ಯಂಕೋಬನ ಅಂಗಡಿಗೆ ಹೋಗಿ, ಚಹಾ ಕುಡಿಯುತ್ತಿದ್ದ ಹತ್ತು ಜನರ ಮುಂದೆ ನಿಂತು ಹೇಳಿದ. ಯಂಕೋಬ ಚಹಾ ಸೋಸುವುದನ್ನು ನಿಲ್ಲಿಸಿ, "ಹೋದೋನು ಹೋದ. ಈಗ್ಯಾಕ ಹೇಳ್ತಿಯೋ ಮಾರಾಯ?" ಎಂದ. ಒಬ್ಬರೂ ಬೈಯಲಿಲ್ಲ. ಸೊಸೆಯನ್ನು ಒಂದು ವರ್ಷ ಕೊಲೆಗಾತಿ ಎಂದ ಬಾಯಿಗಳು ಗಂಡಸೊಬ್ಬ ತಪ್ಪೊಪ್ಪಿಕೊಂಡರೆ ಎಷ್ಟು ಬೇಗ ದೊಡ್ಡ ಮನಸ್ಸು ಮಾಡುತ್ತವೆ! ಹನುಮಂತ್ರಾಯನಿಗೆ ಅವರ ಆ ಕ್ಷಮೆ ಕಂಡರೇ ಸಿಟ್ಟು ಬಂತು.

ಆ ವಾರವೇ ಚಂದ್ರಕಲಾ ಅತ್ತೆಯನ್ನು ಮಾನ್ವಿಗೆ ಕರೆದೊಯ್ದಳು. ಅಲ್ಲಿಯವರು ರಾಯಚೂರಿಗೆ ಬರೆದುಕೊಟ್ಟರು. ಅವರು ರಾಯಚೂರಿಗೆ ಹೋದ ದಿನ ಹನುಮಂತ್ರಾಯ ಬೆಳಗಿನಿಂದ ಪೋತ್ನಾಳದ ಬಸ್ ನಿಲ್ಲುವ ಜಾಗದಲ್ಲಿ ಕೂತಿದ್ದ. ಯಾರೂ ಕೂರು ಎಂದಿರಲಿಲ್ಲ. ಪ್ರತಿ ಬಸ್ಸಿಗೂ ಎದ್ದು ನಿಲ್ಲುತ್ತಿದ್ದ.

ನಾಲ್ಕರ ಬಸ್ಸಿನಿಂದ ಅವರು ಇಳಿದರು. ಮಾರೆಮ್ಮನ ಒಂದು ಕೈ ಸೊಸೆಯ ಹೆಗಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಅವಳು ಹನುಮಂತ್ರಾಯನ ಎದುರಿಗೇ ಹಾದುಹೋದಳು. ಅವನಿರುವುದು ಅವಳಿಗೆ ಕಾಣಲಿಲ್ಲ.

ಚಂದ್ರಕಲಾ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ ಅವನ ಹತ್ತಿರ ಬಂದಳು.

"ಕಣ್ಣಿನ ನರ ಒಣಗ್ಯಾವಂತ. ಹೋದ ವರ್ಷ ಬಂದಿದ್ರ ದಿನಾ ಎರಡು ಹನಿ ಔಷಧಕ್ಕ ಉಳೀತಿತ್ತಂತ. ಇನ್ನ ಬರೂದಿಲ್ಲ."

ಗದ್ದೆಯಲ್ಲಿ ಸತ್ತವನನ್ನಷ್ಟೇ ಹನುಮಂತ್ರಾಯ ಇಲ್ಲಿಯವರೆಗೆ ತನ್ನ ತಲೆಯ ಮೇಲೆ ಹೊತ್ತಿದ್ದ. ಸುಳ್ಳಿನ ಪಾಲು ಬೇರೆಯೇ ಇತ್ತು.

ಅವಳು ಹೊರಟವಳು ನಿಂತಳು. "ನಾಳಿ ಏಳಕ್ಕ ಗದ್ದಿಗೆ ಬರ್ರಿ. ತಿರುವು ಇನ್ನೂ ಬರವಲ್ದು. ಈ ಕಡೆ ಕಲಸೋರು ಬ್ಯಾರೆ ಯಾರೂ ಇಲ್ಲ."

ಅವನು ಕಾದ. ಪಾಠದ ದಿನಗಳಲ್ಲಿ ಅವಳ ಪ್ರತಿ ಮಾತಿನಲ್ಲೂ ಬರುತ್ತಿದ್ದ ಯಪ್ಪಾ ಬರಲಿಲ್ಲ. ಅವಳು ಅತ್ತೆಯ ಕೈ ಹಿಡಿದು ಮನೆಯ ದಾರಿ ಹಿಡಿದಳು.

ಮರುದಿನ ಹನುಮಂತ್ರಾಯ ಆರೂವರೆಗೇ ಗದ್ದೆಯಲ್ಲಿದ್ದ. ಅವಳು ಗಾಡಿ ತಂದಳು, ಅವನು ಕೂರುತ್ತಿದ್ದ ಮಡಗಾರ್ಡಿನ ಮೇಲೆ ತನ್ನ ನೀರಿನ ಕೊಡ ಇಟ್ಟುಕೊಂಡಿದ್ದಳು. ಅವನು ಬದುವಿನ ಮೇಲೆ ನಿಂತೇ ಹೇಳಿಕೊಟ್ಟ. "ತಿರುವು ಬಂತು, ಕಾಲು ತಗಿ" ಎಂದು ಕೂಗಲು ಬಾಯಿ ತೆರೆಯುವ ಮೊದಲೇ ಅವಳ ಹಿಮ್ಮಡಿ ಲಾಕ್ ಬಿಟ್ಟು ಮೇಲೆದ್ದಿತು. ಗಾಡಿ ಮೂಲೆಯಲ್ಲಿ ಸಲೀಸಾಗಿ ತಿರುಗಿತು. ಮುಂದಿನ ಸುತ್ತಿಗೂ ತಿರುಗಿತು, ಅದರ ಮುಂದಿನದಕ್ಕೂ. ಹತ್ತು ಗಂಟೆಗೆ ಅವಳು ಗಾಡಿ ನಿಲ್ಲಿಸಿ, "ಬಂತು. ಇನ್ನ ಮನಿಗೆ ಹೋಗ್ರಿ" ಎಂದಳು. ಹನುಮಂತ್ರಾಯ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬದುಗುಂಟ ನಡೆದು ಹೋದ.